ಆಷಾಢದ ಮೂರು ಬಾಟಲಿ

ಸೆಪ್ಟೆಂಬರ್ 1, ಸೋಮವಾರ. ಬೈಲಹೊಂಗಲ

ಫಲಿತಾಂಶ ಬಂತು. ಕಾಲೇಜಿನಲ್ಲಿ ಪಾಠದ ನಡುವಿನ ಬಿಡುವಿನಲ್ಲಿ ಮೊಬೈಲಿನಲ್ಲೇ ತೆರೆದು ನೋಡಿದೆ, ಅರ್ಥವಾಗಲಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದೆ, ಇನ್ನೂ ಕಡಿಮೆ ಅರ್ಥವಾಯಿತು.

ಹನ್ನೆರಡು ಮೀನು. ಎಲ್ಲವೂ ಚಪ್ಪಲಿ ಮೀನು, ಎಲ್ಲವೂ ಸವದತ್ತಿ ಹತ್ತಿರದ ಮಲಪ್ರಭೆಯ ಹಿನ್ನೀರಿನವು. ಪ್ರತಿ ಮೀನಿನ ರೆಕ್ಕೆಯ ತುದಿಯನ್ನು ಸ್ಪಿರಿಟ್ಟಿನ ಪುಟ್ಟ ಬಾಟಲಿಯಲ್ಲಿ ಹಾಕಿಟ್ಟು, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಒಂದು ಜೀನನ್ನು ಓದಲು ಪ್ರಯೋಗಾಲಯಕ್ಕೆ ಚೂರು ಕಳಿಸಿದ್ದೆ. ಆರುನೂರ ಐವತ್ತು ಅಕ್ಷರ. ಒಂಬತ್ತು ಮೀನುಗಳು ಒಂದೇ ಪಾಠ ಒಪ್ಪಿಸಿವೆ. ಉಳಿದ ಮೂರರಲ್ಲಿ ಮೂವತ್ತೊಂದು ಕಡೆ ಅಕ್ಷರ ಬೇರೆ. ಆ ಮೂರೂ ತಮ್ಮತಮ್ಮಲ್ಲಿ ಮಾತ್ರ ಒಂದೇ.

ಒಂದೆರಡು ಅಕ್ಷರ ಬೇರೆಯಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಮೂವತ್ತೊಂದು ಎಂದರೆ ಇಪ್ಪತ್ತು ಮೂವತ್ತು ಲಕ್ಷ ವರ್ಷ ಒಂದಕ್ಕೊಂದು ಮುಖ ನೋಡದೆ ಬದುಕಿದ ಎರಡು ವಂಶ. ಅವು ಒಂದೇ ನೀರಿನಲ್ಲಿ, ನನಗೆ ಮೀನು ಹಿಡಿದುಕೊಟ್ಟ ಒಬ್ಬಳೇ ಹೆಂಗಸಿನ ಬಲೆಗೆ ಹೇಗೆ ಬಂದವು?

ಏನೋ ತಪ್ಪು ಮಾಡಿದ್ದೇನೆ. ಎಲ್ಲಿ ಎಂದು ತಿಳಿಯುತ್ತಿಲ್ಲ. ಅಕ್ಟೋಬರ್ ಮೂವತ್ತೊಂದಕ್ಕೆ ಪ್ರಬಂಧ ಕೊಡುವ ಕೊನೆಯ ಗಡುವು. ನನಗೆ ಸಿಕ್ಕ ಮೂರನೆಯ ಗಡುವು ಇದು. ಇದೂ ದಾಟಿದರೆ ನಲವತ್ಮೂರು ವರ್ಷದ ಅತಿಥಿ ಉಪನ್ಯಾಸಕಿ ಮೃಣಾಲಿನಿಗೆ ಡಾಕ್ಟರೇಟೂ ಇಲ್ಲ, ಮುಂದಿನ ವರ್ಷ ಕಾಲೇಜಿನಲ್ಲಿ ಜಾಗವೂ ಇಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಬೆಳಗ್ಗೆ ಫ್ರಿಜ್ಜಿನಿಂದ ಹನ್ನೆರಡೂ ಬಾಟಲಿ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಚೀಟಿ ಪರೀಕ್ಷಿಸುತ್ತಿದ್ದೆ. ಅವ್ವ ಸ್ನಾನ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತಳು.

"ಮೊದಲ ಮೀನ, ಅದರಾಗ ಚಪ್ಪಲಿ. ಎರಡೂ ನನ್ನ ಕಟ್ಟಿ ಮ್ಯಾಲೆ. ಇನ್ನೇನ ಉಳದದ ಹೇಳವಾ ಮಿನ್ನಿ."

ನನ್ನ ಅವ್ವ ಇಂದಿರಾಬಾಯಿಗೆ ಎಪ್ಪತ್ತೊಂದು. ಹೂಲಿಯ ಪುರಾಣಿಕರ ಮನೆಯ ಮಗಳು. ಈರುಳ್ಳಿಯನ್ನೂ ವಾರದಲ್ಲಿ ಎರಡು ದಿನ ಮುಟ್ಟದವಳು ನನ್ನ ಮೀನಿನ ಬಾಟಲಿಗಳಿಗೆ ಫ್ರಿಜ್ಜಿನ ಕೆಳಗಿನ ಖಾನೆ ಬಿಟ್ಟುಕೊಟ್ಟಿದ್ದಾಳೆ, ಅವುಗಳಿಗೊಂದು ಕಸೂತಿ ಮಾಡಿದ ಚೀಲವನ್ನೂ ಹೊಲಿದುಕೊಟ್ಟಿದ್ದಾಳೆ. ಚಪ್ಪಟೆಯಾಗಿ, ಹಿಂದೆ ಸಣ್ಣಗಾಗಿ, ಚಪ್ಪಲಿಯ ಹಾಗೆ ಇರುವುದಕ್ಕೆ ಆ ಹೆಸರು ಎಂದು ಎಷ್ಟು ಸಲ ಹೇಳಿದರೂ ಚೇಷ್ಟೆ ಬಿಟ್ಟಿಲ್ಲ.

ಚೀಟಿಗಳೆಲ್ಲ ಸರಿ. ನನ್ನದೇ ಅಕ್ಷರ. ಸವದತ್ತಿ, ಸವದತ್ತಿ, ಸವದತ್ತಿ.

ಸೆಪ್ಟೆಂಬರ್ 6, ಶನಿವಾರ

ಧಾರವಾಡಕ್ಕೆ ಹೋಗಿ ಗೈಡ್ ಸುಮೇಧ ಸರ್ ಅವರಿಗೆ ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಮೃಣಾಲಿನಿ, ಇದು ಗೊತ್ತೈತೇನು ನಿಮಗ? ಇದು ಬರೇ ಅಧ್ಯಾಯ ಅಲ್ಲ. ಇದ ನಿಮ್ಮ ಪ್ರಬಂಧ."

ಹೋದ ವರ್ಷ ಇವರೇ, "ಒಂದ ಹೊಳಿಯ ಹನ್ನೆರಡು ಮೀನ ಇಟಗೊಂಡು ಯಾರೂ ಡಾಕ್ಟರ್ ಆಗಿಲ್ಲ" ಅಂದಿದ್ದರು.

ಚಪ್ಪಲಿ ಮೀನಿನ ವಂಶ ಬಹಳ ಹಳೆಯದು. ಇದರ ನೆಂಟರು ಆಫ್ರಿಕದ ನದಿಗಳಲ್ಲಿ ಇವತ್ತಿಗೂ ಇದ್ದಾರೆ. ಸಮುದ್ರ ಈಜಿ ಹೋದವರಲ್ಲ, ನೆಲವೇ ಒಡೆದು ಬೇರೆಯಾದಾಗ ಆ ಕಡೆ ಉಳಿದವರಿರಬೇಕು ಎಂದು ಹೇಳುವವರಿದ್ದಾರೆ. ಅದಕ್ಕೂ ಹಿಂದೆ ಈ ಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮು ಒಮ್ಮೆ ಇಮ್ಮಡಿಯಾಗಿತ್ತು. ಪ್ರತಿ ಜೀನೂ ಎರಡೆರಡು. ಆಮೇಲೆ ಕೋಟ್ಯಂತರ ವರ್ಷ ಒಂದೊಂದು ವಂಶವೂ ಹೆಚ್ಚಿನ ಪ್ರತಿಗಳನ್ನು ಒಂದೊಂದಾಗಿ ಕಳೆದುಕೊಂಡಿತು. ಯಾರು ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಎಂದು ನೋಡಿ ಸಂಬಂಧ ಹೇಳಬಹುದು. ನನ್ನ ಪ್ರಬಂಧದ ಮೊದಲ ಮೂರು ಅಧ್ಯಾಯ ಅದೇ. ಅದೆಲ್ಲ ಬೇರೆಯವರು ಓದಿಟ್ಟ ಜೀನೋಮುಗಳನ್ನು ಕಂಪ್ಯೂಟರಿನ ಮುಂದೆ ಕೂತು ಜೋಡಿಸಿದ್ದು. ನನ್ನದು ಅಂತ ಇರುವುದು ಈ ಹನ್ನೆರಡು ಬಾಟಲಿ ಮಾತ್ರ.

ಸರ್ ಮೂರನ್ನೂ ಮತ್ತೊಮ್ಮೆ ಓದಿಸಲು ಹೇಳಿದರು. ಬಸ್ಸಿನಲ್ಲಿ ಹೆದರಿಕೆಯೋ ಸಂತೋಷವೋ ತಿಳಿಯದೆ ಬಂದೆ.

ಸೆಪ್ಟೆಂಬರ್ 12, ಶುಕ್ರವಾರ

ಸವದತ್ತಿಗೆ ಹೋಗಿದ್ದೆ, ಆ ಮೀನಿನಾಕೆಯನ್ನು ಕೇಳಲು. ರಾಯವ್ವ ಅಂತ ಹೆಸರು, ಅರವತ್ತು ದಾಟಿರಬೇಕು. ಹಿನ್ನೀರಿನ ದಂಡೆಯ ಓಣಿಯಲ್ಲಿ ಮನೆ. ಹೋದ ವರ್ಷ ರೆಕ್ಕೆಯ ತುದಿ ಕತ್ತರಿಸುವುದನ್ನು ಒಮ್ಮೆ ತೋರಿಸಿಕೊಟ್ಟಿದ್ದೆ, ಎರಡನೆಯ ಸಲಕ್ಕೇ ನನಗಿಂತ ಚೊಕ್ಕ ಮಾಡತೊಡಗಿದಳು. ರೊಕ್ಕ ಕೊಡಹೋದರೆ, "ಉಗುರಿನಷ್ಟು ರೆಕ್ಕಿಗೆ ರೊಕ್ಕ ತಗೋಬೇಕೇನ್ರಿ" ಎಂದು ನಕ್ಕಿದ್ದಳು.

"ರಾಯವ್ವಾ, ನಿನ್ನ ಬಲಿಗೆ ಬೀಳೋ ಚಪ್ಪಲಿ ಮೀನದಾಗ ಎರಡು ಜಾತಿ ಅದಾವೇನು?" ಅಂತ ಕೇಳಿದೆ.

"ಇಲ್ರಿ ಅಕ್ಕಾರ, ಒಂದ ಐತಿ."

"ಬಣ್ಣ, ಮೈಮ್ಯಾಲಿನ ಹುರುಪಿ, ಬಾಯಿ? ಸರಿಯಾಗಿ ನೋಡಿ ಹೇಳು."

"ಐವತ್ತ ವರ್ಷ ನೋಡೇನ್ರಿ. ಸಣ್ಣಾವ ಅದಾವು, ದೊಡ್ಡಾವ ಅದಾವು. ಈ ಹೊಳ್ಯಾಗ ಜಾತಿ ಒಂದ."

ಸ್ವಲ್ಪ ಸಿಟ್ಟು ಬಂತು. ಕಣ್ಣಿಗೆ ಕಾಣದ್ದು ಜೀನಿನಲ್ಲಿ ಇರುತ್ತದೆ ಎಂದು ಅವಳಿಗೆ ಹೇಗೆ ಹೇಳುವುದು? ಚಹಾ ಇಡಲೇ ಎಂದಳು. ಆ್ಯಸಿಡಿಟಿ ಎಂದೆ. ಯಾವಾಗಲೂ ಅದನ್ನೇ ಹೇಳುತ್ತೇನೆ. ಬಾಳೆಹಣ್ಣು ತಂದಳು. ಶುಕ್ರವಾರ, ಉಪವಾಸ ಎಂದೆ. ನನ್ನ ಬಾಟಲಿಯ ನೀರು ಕುಡಿದು ಹೊರಟೆ. ಓಣಿಯ ಕೊನೆಯವರೆಗೂ ಸುಮ್ಮನೆ ಹಿಂದೆ ಬಂದಳು, ಏನೋ ಹೇಳುವವಳ ಹಾಗೆ. ಹೇಳಲಿಲ್ಲ.

ಸೆಪ್ಟೆಂಬರ್ 13

ಆ್ಯಸಿಡಿಟಿ ಇರುವುದು ನಿಜ. ಆದರೆ ಕಾಲೇಜಿನಲ್ಲಿ ದಿನಕ್ಕೆ ನಾಲ್ಕು ಚಹಾ ಕುಡಿಯುತ್ತೇನೆ. ಇದನ್ನು ಯಾಕೆ ಬರೆಯುತ್ತಿದ್ದೇನೋ.

ಸೆಪ್ಟೆಂಬರ್ 19, ಶುಕ್ರವಾರ

ಮತ್ತೆ ಓದಿಸಿದ ಫಲಿತಾಂಶ ಬಂತು. ಅದೇ ಮೂರು, ಅದೇ ಮೂವತ್ತೊಂದು ಕಡೆ. ಪ್ರಯೋಗಾಲಯದ ತಪ್ಪಲ್ಲ. ಕೊಳೆ ಸೇರಿದ್ದಲ್ಲ. ನಿಜವಾಗಿಯೂ ಎರಡು ವಂಶ.

ಸುಮೇಧ ಸರ್ ಅಧ್ಯಾಯಕ್ಕೆ ಹೆಸರನ್ನೂ ಇಟ್ಟಿದ್ದಾರೆ: 'ಮಲಪ್ರಭೆಯ ಎರಡು ಕುಲಗಳು'. ಅಕ್ಟೋಬರ್ ಆರಕ್ಕೆ ವಿಭಾಗದಲ್ಲಿ ಸೆಮಿನಾರ್. ಅದು ದಾಟಿದರೆ ಪ್ರಬಂಧ ಕೊಡಬಹುದು. ರಾತ್ರಿ ಊಟದ ಹೊತ್ತಿಗೆ ನನಗೆ ಗೊತ್ತಿಲ್ಲದೆ ಗುನುಗುತ್ತಿದ್ದೆನಂತೆ. ಅವ್ವ ಇನ್ನೊಂದು ರೊಟ್ಟಿ ಹಾಕಿದಳು.

ಸೆಪ್ಟೆಂಬರ್ 24, ಬುಧವಾರ

ಕಿತ್ತೂರಿಗೆ ಹೋಗಿ ಬಂದೆವು. ಚಿಕ್ಕಮ್ಮನ ಮಗಳು ಪದ್ಮಜಾಳ ಮನೆಯಲ್ಲಿ ನವರಾತ್ರಿಯ ಘಟ ಕೂರಿಸಿದ್ದಾರೆ. ಹದಿನೈದು ಹೆಂಗಸರು ಸಾಲಾಗಿ ಕೂತಿದ್ದರು. ಪದ್ಮಜಾ ಉಡಿ ತುಂಬುತ್ತ ಬಂದಳು. ಒಬ್ಬೊಬ್ಬರ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಕುಪ್ಪಸದ ಕಣ. ನನ್ನ ಹತ್ತಿರ ಬಂದಾಗ, "ಮಿನ್ನಿ, ಪಾನಕ ತಗೊಂಡ್ಯಲ್ಲಾ?" ಎಂದು ಕೇಳಿ ಪಕ್ಕದವಳಿಗೆ ತುಂಬಿದಳು.

ಕೋರ್ಟಿನಿಂದ ಕಾಗದ ಬಂದು ಹನ್ನೊಂದು ವರ್ಷ. ಗಂಡ ಸತ್ತವಳಲ್ಲ, ಗಂಡ ಇದ್ದವಳೂ ಅಲ್ಲ. ಯಾವ ಸಾಲಿನಲ್ಲಿ ಕೂರಿಸಬೇಕೆಂದು ಅವರಿಗೂ ತಿಳಿಯುವುದಿಲ್ಲ, ಪಾಪ. ನನಗೇನೂ ಅನ್ನಿಸುವುದಿಲ್ಲ. ಬರುವಾಗ ಬಸ್ಸಿನಲ್ಲಿ ಅವ್ವ ತನಗೆ ಬಂದ ಬಾಳೆಹಣ್ಣನ್ನು ಸುಲಿದು ನನ್ನ ಕೈಯಲ್ಲಿಟ್ಟಳು. ಊರು ಬರುವವರೆಗೂ ಅದನ್ನು ಕೈಯಲ್ಲೇ ಹಿಡಿದಿದ್ದೆ. ಧೂಳು ಬಹಳ, ಮನೆಗೆ ಹೋಗಿ ತಿನ್ನುತ್ತೇನೆ ಅಂದೆ.

ಸೆಪ್ಟೆಂಬರ್ 28, ರವಿವಾರ

ಸೆಮಿನಾರಿನ ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿದ್ದೆ. ಬಾಟಲಿಯ ಸಂಖ್ಯೆ, ದಿನಾಂಕ, ಸ್ಥಳ. ಬೇರೆಯಾದ ಮೂರಕ್ಕೆ ಕೆಂಪು ಶಾಯಿ. ಅವ್ವ ಹೂಬತ್ತಿ ಹೊಸೆಯುತ್ತ ಅದನ್ನೇ ನೋಡುತ್ತಿದ್ದಳು.

"ಹನ್ನೆರಡು, ಹತ್ತೊಂಬತ್ತು, ಇಪ್ಪತ್ತಾರು ಜುಲೈ. ಹೋದ ವರ್ಷದ್ದಲ್ಲ? ಇವು ಮೂರೂ ಆಷಾಢದ ಶುಕ್ರವಾರ ಅವ."

"ಇರಲಿ ಬಿಡವಾ, ಮೀನಕ್ಕ ಆಷಾಢ ಏನು?"

"ಆಷಾಢದಾಗ ಅವರು ಮೀನ ಎಲ್ಲಿ ಹಿಡೀತಾರ? ನಾವು ಸಣ್ಣವರಿದ್ದಾಗ ಹೂಲಿಗೆ ಹೊಳಿ ಕಡೆಯಿಂದ ಕಟಿಗಿ ಮಾರಲಿಕ್ಕೆ ಬರತಿದ್ರು ಆ ಮಂದಿ. ಬಲಿ ಮ್ಯಾಲಿಟ್ಟೇವಿ, ಮೀನ ಬಾಣಂತನಕ್ಕ ಕೂತಾವ ಅಂತಿದ್ರು. ನಾವು ನಗತಿದ್ವಿ."

ಅವ್ವ ಮತ್ತೆ ಹೂಬತ್ತಿಗೆ ಮರಳಿದಳು. ನಾನು ಆ ಮೂರು ಕೆಂಪು ದಿನಾಂಕಗಳ ಮುಂದೆ ನಿಂತೇ ಇದ್ದೆ. ಆ ದಿನಗಳಲ್ಲಿ ರೆಕ್ಕೆ ಬಾಟಲಿಯಲ್ಲಿ ಸಿದ್ಧವಾಗಿ ಇರುತ್ತಿತ್ತು. ಮೀನೆಲ್ಲಿ ಎಂದರೆ, ಸಾರಿನ ಗಡಿಗಿಗೆ ಹೋತ್ರಿ ಎಂದಿದ್ದಳು ರಾಯವ್ವ. ಅನುಕೂಲವೇ ಆಯಿತು ಎಂದು ಚೀಟಿ ಅಂಟಿಸಿ ಬಂದಿದ್ದೆ.

ಸೆಪ್ಟೆಂಬರ್ 30, ಮಂಗಳವಾರ

ಹೋದೆ. ರಾಯವ್ವ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದಳು. ನಿಂತಲ್ಲೇ ಕೇಳಿದೆ, ಆಷಾಢದಲ್ಲಿ ಬಲೆ ಹಾಕುವುದಿಲ್ಲವಾ ಅಂತ.

"ಇಲ್ರಿ ಅಕ್ಕಾರ. ಚಪ್ಪಲಿ ಮೀನ ಆಗ ತತ್ತಿ ಕಾಯ್ತಿರತೈತಿ. ಕಲ್ಲಿಗೆ ತತ್ತಿ ಅಂಟಿಸಿ ಬಾಲಲೆ ನೀರ ಬೀಸ್ಕೊಂತ ನಿಂತಿರತೈತಿ. ಕೈ ಹಾಕಿದ್ರ ಕಚ್ಚಾಕ ಬರತೈತಿ, ಓಡಂಗಿಲ್ಲ. ಓಡದಂಥಾದ್ದನ್ನ ಹೆಂಗ ಹಿಡೀಬೇಕ್ರಿ? ನಮ್ಮ ಮನ್ಯಾಗ ಹಿಡ್ಯಾಂಗಿಲ್ಲ."

"ಮತ್ತ ಆ ಮೂರು ಶುಕ್ರವಾರ ನನಗ ಕೊಟ್ಟಿದ್ದು?"

"ಅವು ಯರಗಟ್ಟಿ ಪ್ಯಾಟಿಯವು. ಲಾರಿಯಾಗ ಬರ್ಪಿನ ಪೆಟ್ಟಿಗಿ ಬರತಾವಲ್ರಿ, ಅದರಾಗಿನವು. ಗುರುವಾರ ಹೋಗಿ ತರತಿದ್ನಿ. ಹೆಣ್ಮಕ್ಕಳಿಗೆ ಬಸ್ಸೇನ ಫ್ರೀ ಐತಲ್ರಿ."

ಕೂತುಬಿಟ್ಟೆ. ಅವಳ ಕಟ್ಟೆಯ ಮೇಲೆ, ಬಲೆಯ ಪಕ್ಕದಲ್ಲಿ. ಎರಡು ಕುಲಗಳಲ್ಲಿ ಒಂದು ಕುಲ ಲಾರಿಯಲ್ಲಿ ಬಂದಿತ್ತು. ಎಲ್ಲಿಯ ಲಾರಿಯೋ, ಯಾವ ನದಿಯೋ.

"ಯಾಕ ಹೇಳ್ಲಿಲ್ಲ?"

"ಚಪ್ಪಲಿ ಮೀನ ಬೇಕಂದ್ರಿ. ಅದೂ ಚಪ್ಪಲಿ ಮೀನ ಐತಿ. ಎಲ್ಲಿದು ಅಂತ ನೀವು ಕೇಳ್ಲಿಲ್ರಿ." ಆಮೇಲೆ ತಡೆದು, "ಮೊನ್ನೆ ಬಂದಾಗ ಎರಡು ಜಾತಿ ಅಂದ್ರಲ್ಲ, ಅವಾಗ ಹೇಳಿ ಬಿಡಬೇಕು ಅನ್ನಿಸಿತ್ತು. ಅಂಜಿಕಿ ಬಂತು."

"ಇಲ್ಲ ಅಂದಿದ್ರ ಆಗತಿತ್ತಲ್ಲ ರಾಯವ್ವಾ. ಮೀನ ಇಲ್ಲ, ಹೋಗ್ರಿ ಅಂತ."

ಅವಳು ಬಲೆ ಕೆಳಗಿಟ್ಟಳು.

"ಮೊದಲನೇ ಶುಕ್ರವಾರ ಇಲ್ಲ ಅಂದಿದ್ನಿ. ಮಳಿಯಾಗ ತೋಯಿಸ್ಕೊಂಡು ಬಂದಿದ್ರಿ, ಹಂಗ ಹೊಳ್ಳಿ ಹೋದ್ರಿ. ರಾತ್ರೆಲ್ಲ ನನಗ ಸಮಾಧಾನ ಆಗಲಿಲ್ಲ. ಶುಕ್ರವಾರ ಹೆಣ್ಮಗಳನ್ನ ಬರಿಗೈಲೆ ಹೆಂಗ ಕಳಸೂದ್ರಿ? ಚಾ ಕುಡ್ಯಾಂಗಿಲ್ಲ ನೀವು. ನೀರ ನಿಮ್ಮವ. ಬಾಳಿಹಣ್ಣ ಕೊಟ್ರ ಉಪಾಸ. ನಮ್ಮ ಮನ್ಯಾಗಿಂದ ನೀವು ತಗೊಂಡ ಹೋಗೂದು ಅದೊಂದ ಇತ್ತು. ಅದನ್ನೂ ಇಲ್ಲ ಅನ್ನಲೇನ್ರಿ?"

ಚೀಲದಿಂದ ನನ್ನ ಬಾಟಲಿ ತೆಗೆದು ನೀರು ಕುಡಿದೆ. ಕುಡಿಯುವಷ್ಟು ಹೊತ್ತು ಅವಳು ಬೇರೆ ಕಡೆ ನೋಡುತ್ತಿದ್ದಳು.

ಅಕ್ಟೋಬರ್ 1

ಗೋಡೆಯ ಪಟ್ಟಿ ಕಿತ್ತು ಸುತ್ತಿಟ್ಟೆ.

ಅಕ್ಟೋಬರ್ 4, ಶನಿವಾರ

ಸುಮೇಧ ಸರ್‌ಗೆ ಫೋನಿನಲ್ಲಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಶುರು ಮಾಡಿದರು.

"ಆ ಹೆಂಗಸು ಹೇಳಿದ್ದಕ್ಕ ದಾಖಲಿ ಏನೈತಿ? ಬಾಟಲಿ ಮ್ಯಾಲೆ ಸವದತ್ತಿ ಅಂತ ಐತಿ. ನಿಮ್ಮ ಅಕ್ಷರದಾಗ ಐತಿ. ಅದು ದಾಖಲಿ. ವರ್ಷದ ಹಿಂದಿನ ಮಾತು, ಮುದುಕಿ ನೆನಪು ತಪ್ಪಿರಬಹುದು."

"ಅವರಿಗೆ ನೆನಪು ತಪ್ಪಿಲ್ಲ ಸರ್. ಬಸ್ ಯಾವ ಹೊತ್ತಿಗೆ ಸಿಕ್ಕಿತ್ತು ಅಂತಲೂ ಹೇಳಿದರು."

"ವಿಚಾರ ಮಾಡ್ರಿ. ನಿಮ್ಮ ನೌಕರಿ ಪ್ರಶ್ನೆ ಐತಿ. ನಾನು ಏನೂ ಹೇಳಿಲ್ಲ, ನೀವು ಏನೂ ಕೇಳಿಲ್ಲ."

ಅವರು ಕೆಟ್ಟವರಲ್ಲ. ನನಗಾಗಿ ಎರಡು ಸಲ ವಿಶ್ವವಿದ್ಯಾಲಯದಲ್ಲಿ ಜಗಳ ಮಾಡಿ ಗಡುವು ಕೊಡಿಸಿದವರು. ಅವರು ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ಚೀಟಿ ಇದೆ, ಅಕ್ಷರ ನನ್ನದು. ಇಡೀ ದಿನ ಒಮ್ಮೆ ಹೀಗೆ, ಒಮ್ಮೆ ಹಾಗೆ. ಮೂವತ್ತೊಂದು ಅಕ್ಷರಗಳನ್ನು ನೋಡಿದರೆ ಆಸೆಯಾಗುತ್ತದೆ. ಆ ಮೂರು ಹೇಳುವುದೂ ನಿಜವೇ, ಎಲ್ಲೋ ಒಂದು ಕಡೆ ಆ ವಂಶ ಇದೆ. ಇಲ್ಲಿ ಇದೆ ಅನ್ನುವುದೊಂದೇ ಸುಳ್ಳು. ಇಷ್ಟು ಸಣ್ಣ ಸುಳ್ಳು.

ಅವ್ವನಿಗೆ ಹೇಳಿದೆ. ಅವಳು ಮೀನಿನ ವಿಷಯ ಕೇಳಲಿಲ್ಲ, ನೌಕರಿಯ ವಿಷಯವನ್ನೂ ಕೇಳಲಿಲ್ಲ. "ಒಂದು ವರ್ಷ ಅಕಿ ಮನ್ಯಾಗ ನೀರೂ ಕುಡದಿಲ್ಲೇನ ನೀ?" ಎಂದು ಮಾತ್ರ ಕೇಳಿದಳು.

ನೀನೇ ಕಲಿಸಿದ್ದಲ್ಲವೇ ಅನ್ನಬೇಕು ಅನ್ನಿಸಿತು. ಆದರೆ ಅವಳು ಹೀಗೆಂದು ಯಾವತ್ತೂ ಬಾಯಿಬಿಟ್ಟು ಕಲಿಸಿರಲಿಲ್ಲ, ನಾನೇ ಕಲಿತೆ.

ಅಕ್ಟೋಬರ್ 6, ಸೋಮವಾರ

ಸೆಮಿನಾರ್ ಆಯಿತು. ನಿನ್ನೆ ಸಂಜೆಯೇ ಎರಡು ಪಟ್ಟಿ ಸಿದ್ಧವಿದ್ದವು. ಯಾವುದನ್ನು ತೋರಿಸುತ್ತೇನೆ ಎಂದು ಧಾರವಾಡದ ಬಸ್ಸು ಹತ್ತಿದಾಗಲೂ ಗೊತ್ತಿರಲಿಲ್ಲ. ಎರಡನೆಯದನ್ನು ತೋರಿಸಿದೆ. ಒಂಬತ್ತರ ಮುಂದೆ 'ಹಿನ್ನೀರಿನಲ್ಲಿ ಹಿಡಿದದ್ದು', ಮೂರರ ಮುಂದೆ 'ಮಾರುಕಟ್ಟೆಯಿಂದ, ಮೂಲ ತಿಳಿಯದು'.

ಸಮಿತಿಯ ಒಬ್ಬ ಹಿರಿಯರು ಕೇಳಿದರು, ಸ್ಥಳದಲ್ಲೇ ಸಂಗ್ರಹ ಎಂದು ಬರೆದ ಮೇಲೆ ಮಾರುಕಟ್ಟೆಯ ಮೀನು ಹೇಗೆ ಸೇರಿತು, ವಿಧಾನದಲ್ಲಿ ಎಲ್ಲಿ ದೋಷವಾಯಿತು ಎಂದು. ದೋಷ ಎಲ್ಲಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಹೇಳುವ ಭಾಷೆ ಗೊತ್ತಿರಲಿಲ್ಲ.

"ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿರಲಿಲ್ಲ ಸರ್, ಅದಕ್ಕೆ" ಎಂದುಬಿಟ್ಟೆ.

ಯಾರೋ ನಕ್ಕರು. ಸುಮೇಧ ಸರ್ ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಕೂತರು.

ತೀರ್ಮಾನ: ನಾಲ್ಕನೆಯ ಅಧ್ಯಾಯ ಈ ರೂಪದಲ್ಲಿ ಸಾಲದು. ಹೊಸದಾಗಿ ಮೀನು ಸಂಗ್ರಹಿಸಬೇಕು. ಇನ್ನೊಂದು ಗಡುವಿಗೆ ಅರ್ಜಿ ಹಾಕಬಹುದು, ಕೊಡುತ್ತಾರೆಂಬ ಭರವಸೆ ಇಲ್ಲ. ಸಂಜೆ ಬಂದು ಮಲಗಿದವಳು ರಾತ್ರಿ ಹತ್ತಕ್ಕೆ ಎದ್ದೆ. ಇಷ್ಟು ನಿದ್ದೆ ಯಾಕೆ ಬಂತೋ.

ಅಕ್ಟೋಬರ್ 10, ಶುಕ್ರವಾರ

ರಾಯವ್ವನವರ ಮನೆಗೆ ಹೋಗಿದ್ದೆ. ಕೆಲಸವೇನೂ ಇರಲಿಲ್ಲ. ಬಾಟಲಿಗಳನ್ನೂ ಒಯ್ದಿರಲಿಲ್ಲ. ನೀರಿನ ಬಾಟಲಿ ಮನೆಯಲ್ಲೇ ಮರೆತಿದ್ದೆ.

"ನನ್ನಿಂದ ನಿಮ್ಮ ಸಾಲಿ ಕೆಟ್ಟಿತೇನ್ರಿ ಅಕ್ಕಾರ?" ಎಂದು ಕೇಳಿದರು. ಕಣ್ಣು ಕೆಂಪಾಗಿದ್ದವು. ಇಲ್ಲ ಎಂದೆ. ಇಲ್ಲವೋ ಹೌದೋ, ಅವರಿಂದ ಅಲ್ಲ. ಆಮೇಲೆ ಚಹಾ ಕೇಳಿದೆ. ಏನು ಕೇಳಿದೆ ಎಂದು ಅವರಿಗೆ ತಿಳಿಯಲಿಲ್ಲವೇನೋ, ನನ್ನ ಚೀಲದ ಕಡೆ ನೋಡಿದರು.

"ಚಾ ಮಾಡ್ರಿ ರಾಯವ್ವಾ. ನಿಮ್ಮ ಕೈಲೆ."

"ಸಕ್ಕರಿ ಎಷ್ಟ ಹಾಕಲ್ರಿ?" ಎಂದು ಒಳಗಿನಿಂದ ಮೂರು ಸಲ ಕೇಳಿದರು. ಚಹಾ ವಿಪರೀತ ಸಿಹಿ ಇತ್ತು. ಪೂರ್ತಿ ಕುಡಿದೆ.

ಹೊರಡುವಾಗ, ತಡೀರಿ ಎಂದು ಒಳಗೆ ಹೋದವರು ಮೊರದಲ್ಲಿ ಅಕ್ಕಿ, ಬೆಲ್ಲದ ಉಂಡೆ, ಎರಡು ಅರಿಷಿಣದ ಬೇರು ತಂದರು. ಕಣ ಇರಲಿಲ್ಲ, ಅದರ ಜಾಗದಲ್ಲಿ ಮಡಿಕೆ ಬಿಚ್ಚದ ಹೊಸ ಟಾವೆಲು.

"ನನಗ ಯಾರೂ ಉಡಿ ತುಂಬಾಂಗಿಲ್ರಿ. ಗಂಡನ್ನ ಬಿಟ್ಟಾಕಿ ನಾ."

"ಬಿಟ್ರ ಏನಾತ್ರಿ? ನೀವು ಹೆಣ್ಮಗಳಲ್ಲೇನು?" ಎಂದರು. "ನಾ ಹೋದ ವರ್ಷ ತುಂಬಿದ್ನಲ್ರಿ, ಮೂರ ಸಲ, ಬಾಟಲ್ಯಾಗ. ಹಿಡೀರಿ ಓಢಣಿ."

ಹಿಡಿದೆ. ರೂಢಿ ತಪ್ಪಿದ್ದರಿಂದ ಸ್ವಲ್ಪ ಅಕ್ಕಿ ಚೆಲ್ಲಿತು. ಬಸ್ಸಿನಲ್ಲಿ ಎರಡು ತಾಸು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳುತ್ತ ಬಂದೆ. ಕಂಡಕ್ಟರ್ ಚೀಟಿ ಕೊಟ್ಟು ಏನೂ ಕೇಳದೆ ಮುಂದೆ ಹೋದ.

ಅಕ್ಟೋಬರ್ 11, ಶನಿವಾರ

ಗಡುವಿಗೆ ಅರ್ಜಿ ಬರೆದೆ. ಸಿಗುತ್ತದೋ ಇಲ್ಲವೋ ತಿಳಿಯದು. ಸಿಕ್ಕರೆ ಬರುವ ಆಷಾಢದವರೆಗೆ ಮೀನು ಹಿಡಿಯಬಹುದು, ಆಷಾಢದಲ್ಲಿ ಇಲ್ಲ. ಅದನ್ನೂ ವಿಧಾನದಲ್ಲಿ ಬರೆದಿದ್ದೇನೆ. ಆ ಮೂರು ಬಾಟಲಿ ಎಸೆಯಲು ಮನಸ್ಸಾಗಲಿಲ್ಲ. ಹಳೆಯ ಚೀಟಿ ಕಿತ್ತು, 'ರಾಯವ್ವ ಕೊಟ್ಟದ್ದು' ಎಂದು ಹೊಸದು ಹಚ್ಚಿದೆ.

ಮಧ್ಯಾಹ್ನ ಅವ್ವ ಆ ಗಂಟು ಬಿಚ್ಚಿದಳು. ಯಾರು ತುಂಬಿದರು ಎಂದು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ನೋಡಿದಳು. ಮಡಿಯಲ್ಲಿದ್ದಳು. ನಾನು ಏನೋ ಹೇಳಲು ಹೋದೆ.

"ಉಡಿ ಅಕ್ಕಿ ಇಟ್ಟರ ಹುಳ ಹತ್ತತಾವ" ಎಂದು ಹೇಳಿ ತೊಳೆದು ಒಲೆಯ ಮೇಲಿಟ್ಟಳು.

ದಪ್ಪ ಅಕ್ಕಿ, ಅನ್ನ ಸ್ವಲ್ಪ ಮೆತ್ತಗಾಗಿತ್ತು. ದೇವರಿಗೆ ಅದೇ ನೈವೇದ್ಯ, ನಮಗೂ ಅದೇ ಊಟ. ಅವ್ವ ಎರಡನೆಯ ಸಲ ಬಡಿಸಿಕೊಂಡಳು. ಕೈ ತೊಳೆದು ಬಂದು, "ಇನ್ನೊಮ್ಮೆ ಹೋಗೂವಾಗ ಹೇಳು, ಬರಿಗೈಲೆ ಹೋಗಬ್ಯಾಡ" ಎಂದಳು.

ಏನು ಒಯ್ಯುವುದೋ ತಿಳಿಯುತ್ತಿಲ್ಲ. ನಮ್ಮ ಮನೆಯದನ್ನು ರಾಯವ್ವನವರು ತಗೊಳ್ಳುತ್ತಾರೋ ಇಲ್ಲವೋ, ಇಷ್ಟು ದಿನ ನಾನು ಒಮ್ಮೆಯೂ ಕೇಳಿಲ್ಲ.